ಬ್ರೌನ್ ಶುಗರ್ ಮತ್ತು ಕಲ್ಪಳ್ಳಿ ದಾರಿಯ ತಮಟೆ

ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲೆಂಡಿನ ತಂಡ 2003ರ ಏಪ್ರಿಲ್ 4ರಂದು ಅರಮನೆ ಮೈದಾನದಲ್ಲಿ ಹಾಡಿ ಹೋಯಿತು. ಪುಲಿಕೇಶಿನಗರದಿಂದ ಹೊರಟು ಜಯಮಹಲ್ ದಾಟಿದರೆ ಸಿಗುವ ಮೈದಾನ. ಅವತ್ತು ಮಳೆ ಸುರಿಯಿತಂತೆ, ಮಳೆಯಲ್ಲೇ ಮಿಕ್ ಜಾಗರ್ ಕುಣಿದನಂತೆ. ನಮ್ಮಲ್ಲಿ ಕೆಲವರು ಆಗ ಹುಟ್ಟಿರಲಿಲ್ಲ, ಹುಟ್ಟಿದವರು ತೊಟ್ಟಿಲಲ್ಲಿದ್ದರು. ಆದರೂ ದಂಡು ಪ್ರದೇಶದಲ್ಲಿ ಬೆಳೆದವರಿಗೆ ಈ ಕತೆ ತಪ್ಪಿದ್ದಲ್ಲ. ಬೇಕರಿ ಮುಂದೆ ಟೀ ಕುಡಿಯುತ್ತಾ ನಿಂತರೆ ಸಾಕು, ಯಾರಾದರೊಬ್ಬ ಅಂಕಲ್ ಶುರು ಮಾಡ್ತಾರೆ: ನಾನಿದ್ದೆ ಅಲ್ಲಿ, ಅಂತ.

ಬಂದದ್ದು ವ್ಯಾಪಾರಕ್ಕೆ. ಇದನ್ನು ಬೈಗುಳವಾಗಿ ಹೇಳುತ್ತಿಲ್ಲ, ಸಂಗತಿಯಾಗಿ ಹೇಳುತ್ತಿದ್ದೇವೆ. ತಂಡಕ್ಕೆ ನಲವತ್ತು ತುಂಬಿತೆಂದು 2002ರಲ್ಲಿ ‘ಫಾರ್ಟಿ ಲಿಕ್ಸ್’ ಎಂಬ ನಲವತ್ತು ಹಾಡಿನ ಕಟ್ಟು ಬಂತು. ಅದರಲ್ಲಿ ಹೊಸವು ನಾಲ್ಕೇ. ಆ ಕಟ್ಟನ್ನು ಮಾರುವುದಕ್ಕೆ ದೇಶದೇಶ ತಿರುಗಾಟ. ನಮ್ಮ ದೇಶದ ಪಾಲಿಗೆ ಬಂದದ್ದು ಎರಡು ರಾತ್ರಿ, ಬೆಂಗಳೂರಿನಲ್ಲೊಂದು, ಮುಂಬಯಿಯಲ್ಲೊಂದು. ತಿರುಗಾಟ ಮುಗಿಯುವ ಹೊತ್ತಿಗೆ ತಿರುಗಾಟವನ್ನೇ ಮತ್ತೆ ಮಾರಲಿಕ್ಕಿಟ್ಟರು. 2003ರಲ್ಲಿ ‘ಫೋರ್ ಫ್ಲಿಕ್ಸ್’ ಡಿವಿಡಿ, 2004ರಲ್ಲಿ ‘ಲೈವ್ ಲಿಕ್ಸ್’ ಎಂಬ ಜೋಡಿ ಸಿಡಿ. ಡಿವಿಡಿಯಲ್ಲಿರುವ ಕಛೇರಿಗಳು ನ್ಯೂಯಾರ್ಕ್, ಲಂಡನ್, ಪ್ಯಾರಿಸ್‌ಗಳವು. ನಮ್ಮ ಮಳೆ ಅದರಲ್ಲಿಲ್ಲ.

‘ಲೈವ್ ಲಿಕ್ಸ್’ ನಮ್ಮ ಗೆಳೆಯನೊಬ್ಬನ ರೂಮಿನಲ್ಲಿ ಸಿಕ್ಕಿತು. ಮೊದಲ ಹಾಡೇ ‘ಬ್ರೌನ್ ಶುಗರ್’. ಒಂದು ವಾರ ಅದಕ್ಕೆ ಕುಣಿದೆವು, ಸುಳ್ಳು ಯಾಕೆ ಹೇಳಬೇಕು. ಆ ಗಿಟಾರು ಸತ್ತವನ ಕಾಲನ್ನೂ ಎಬ್ಬಿಸುತ್ತದೆ. ಇಂಗ್ಲಿಷ್ ಹಾಡಿನ ಮಾತು ನಮಗೆ ಒಂದೇ ಸಲಕ್ಕೆ ಕಿವಿಗೆ ಹತ್ತುವುದಿಲ್ಲ. ನಮ್ಮ ಮನೆಗಳಲ್ಲಿ ಡಿಗ್ರಿ ಮುಖ ಕಂಡವರು ನಾವೇ ಮೊದಲು, ಇಂಗ್ಲಿಷು ನಮಗೆ ಪರೀಕ್ಷೆಯ ಭಾಷೆ. ಕೊನೆಗೆ ಮಾತುಗಳನ್ನು ಕಾಗದದ ಮೇಲೆ ಬರೆದು ಓದಿದೆವು. ಕಾಲು ನಿಂತವು.

ಹಡಗಿನಲ್ಲಿ ತಂದ ಗುಲಾಮರನ್ನು ನ್ಯೂ ಆರ್ಲಿಯನ್ಸ್ ಸಂತೆಯಲ್ಲಿ ಮಾರುತ್ತಾರೆ. ನಡುರಾತ್ರಿ ಗುಲಾಮ ಹೆಂಗಸರ ಮೇಲೆ ಒಡೆಯನ ಚಾಟಿ ಬೀಳುತ್ತದೆ. ಅದಾದ ಮೇಲೆ ಹಾಡುವವನು ಆ ಕಪ್ಪು ಹೆಣ್ಣಿನ ರುಚಿಯನ್ನು ಹೊಗಳುತ್ತಾನೆ. ಸಿಡಿಯಲ್ಲಿ ಸಾವಿರಾರು ಜನ ಹೋ ಅಂತಾರೆ.

ವಸ್ತು ಬೇರೆ, ರೂಪ ಬೇರೆ ಎನ್ನುವ ನಮ್ಮ ಪಂಡಿತ ವಿಮರ್ಶಕರು ಇದನ್ನು ಒಂದು ಸಲ ಕೂತು ಕೇಳಬೇಕು. 1971ರ ಸ್ಟುಡಿಯೊ ರೆಕಾರ್ಡಿನಲ್ಲಿ ಹಾಡುಗಾರ ಮಾತ್ರ ಇದ್ದಾನೆ. ಅವನ ಪರವಾಗಿ ಏನು ಬೇಕಾದರೂ ವಾದ ಹೂಡಬಹುದು: ವ್ಯಂಗ್ಯ ಅನ್ನಬಹುದು, ಒಡೆಯನ ಮುಖವಾಡ ಅನ್ನಬಹುದು. ಲೈವ್ ರೆಕಾರ್ಡಿಂಗಿನಲ್ಲಿ ಹಾಗಾಗುವುದಿಲ್ಲ, ಅಲ್ಲಿ ಕೇಳುಗನೂ ಅಚ್ಚಾಗಿಬಿಡುತ್ತಾನೆ. ಚಾಟಿಯ ಸಾಲಿನಲ್ಲಿ ಅವನು ಬೆಚ್ಚಿದನೋ, ಶಿಳ್ಳೆ ಹಾಕಿದನೋ, ಟೇಪು ಮುಚ್ಚಿಡುವುದಿಲ್ಲ. ನಾವು ನಂಬುವುದು ಆ ಸಾಕ್ಷಿಯನ್ನು.

2021ರಲ್ಲಿ ತಂಡ ಈ ಹಾಡನ್ನು ಕಛೇರಿಗಳಿಂದ ಕೈಬಿಟ್ಟಿತು. ಇದು ಗುಲಾಮಗಿರಿಯ ಕ್ರೌರ್ಯದ ಹಾಡು ಅನ್ನೋದು ಜನಕ್ಕೆ ಯಾಕೆ ತಿಳಿಯಲಿಲ್ಲ ಎಂದು ಗಿಟಾರಿನ ಕೀತ್ ರಿಚರ್ಡ್ಸ್ ಅಚ್ಚರಿಪಟ್ಟ. ಸ್ವಾಮಿ, ಐವತ್ತು ವರ್ಷ ಎದುರಿಗೆ ನಿಂತ ಜನ ಕುಣಿಯುತ್ತಲೇ ಇದ್ದರಲ್ಲ, ಆಗ ನಿಮಗೆ ತಿಳಿಯಲಿಲ್ಲವೇ? ನಮ್ಮ ಅಜ್ಜಿಯರು ದುಡಿದ ಹೊಲಗಳಿಗೂ ಒಡೆಯರಿದ್ದರು. ಆ ಹೊಲದ ಬದುವಿನ ಕತ್ತಲನ್ನು ಹಾಡು ಮಾಡಿ, ಒಡೆಯನ ಬಾಯಿಯಲ್ಲೇ ಚಪ್ಪರಿಸಿ ಹಾಡಿದರೆ ನಾವು ಚಪ್ಪಾಳೆ ತಟ್ಟಬೇಕೆ? ಹಾಗಂತ ಹಾಡನ್ನು ನಿಷೇಧಿಸಿ ಎನ್ನುತ್ತಿಲ್ಲ. ಹಾಡು ಇರಲಿ, ಚಪ್ಪಾಳೆ ಸಮೇತ ಇರಲಿ.

ಈ ಹಾಡು ಮೊದಲ ಸಲ ಜನರೆದುರು ಬಂದ ಜಾಗವನ್ನೂ ಹೇಳಬೇಕು. 1969ರ ನವೆಂಬರಿನಲ್ಲಿ ತಂಡ ಅಮೆರಿಕದಲ್ಲಿ ಕೆಲವೇ ವಾರಗಳ ತಿರುಗಾಟ ಮಾಡಿತು. ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ಬಿಟ್ಟಿ ಕಛೇರಿ. ಕಾವಲಿಗೆ ನಿಂತದ್ದು ಹೆಲ್ಸ್ ಏಂಜಲ್ಸ್ ಎಂಬ ಮೋಟಾರ್‌ಸೈಕಲ್ ಪಡೆ. ವೇದಿಕೆಯ ಮುಂದೆಯೇ ಮೆರೆಡಿತ್ ಹಂಟರ್ ಎಂಬ ಹದಿನೆಂಟರ ಕಪ್ಪು ಹುಡುಗನನ್ನು ಇರಿದು ಕೊಂದರು. ಹುಡುಗನ ಕೈಯಲ್ಲಿ ಪಿಸ್ತೂಲಿತ್ತು, ನಿಜ. ಸಿನಿಮಾದವರು ತೆಗೆದ ಚಿತ್ರವನ್ನು ಕೋರ್ಟಿನಲ್ಲಿ ತೋರಿಸಿದರು, ಇರಿದವನು ಆತ್ಮರಕ್ಷಣೆಯ ಹೆಸರಿನಲ್ಲಿ ಬಿಡುಗಡೆಯಾದ. ಇದಾದ ಮೇಲೆ ಅದೇ ವೇದಿಕೆಯಲ್ಲಿ ‘ಬ್ರೌನ್ ಶುಗರ್’ ಹಾಡಿದರು.

ಅದೇ ತಿರುಗಾಟದ ಲೈವ್ ರೆಕಾರ್ಡು 1970ರಲ್ಲಿ ಬಂತು. ಅದರಲ್ಲಿ ‘ಲವ್ ಇನ್ ವೇನ್’ ಇದೆ. ಕಟ್ಟಿದವನು ರಾಬರ್ಟ್ ಜಾನ್ಸನ್, ಮಿಸಿಸಿಪಿಯ ಕಪ್ಪು ಹಾಡುಗಾರ, 1938ರಲ್ಲೇ ಸತ್ತವನು. ತಂಡ ಈ ಹಾಡನ್ನು 1969ರಲ್ಲಿ ಮೊದಲು ಅಚ್ಚುಹಾಕಿದಾಗ ಕರ್ತೃವಿನ ಜಾಗದಲ್ಲಿ ಅವನ ಹೆಸರಿರಲಿಲ್ಲ. 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಜಾನ್ಸನ್ ಕಡೆಯವರ ಪರ ತೀರ್ಪು ಕೊಡಬೇಕಾಯಿತು. ತಂಡದ ಹೆಸರು ಕೂಡ ಮಡ್ಡಿ ವಾಟರ್ಸ್ ಎಂಬ ಕಪ್ಪು ಹಾಡುಗಾರನ 1950ರ ಹಾಡಿನಿಂದ ಎತ್ತಿಕೊಂಡದ್ದು.

ಆದರೆ ಬೈದು ಮುಗಿಸುವುದು ಸುಲಭ. ಇವರದೇ ಇನ್ನೊಂದು ಲೈವ್ ರೆಕಾರ್ಡಿಂಗ್ ಇದೆ, ಅದನ್ನು ಕೇಳಿ ನಮ್ಮ ಸಿಟ್ಟು ಅರ್ಧ ಇಳಿಯಿತು. 1981ರ ನವೆಂಬರ್ 22, ಆ ವರ್ಷದ ತಿರುಗಾಟದ ನಡುವೆ ಬಿಡುವು. ಷಿಕಾಗೋದ ಚೆಕರ್‌ಬೋರ್ಡ್ ಲೌಂಜ್ ಎಂಬ ಪುಟ್ಟ ಹೆಂಡದಂಗಡಿ. ವೇದಿಕೆಯ ಮೇಲೆ ಅದೇ ಮಡ್ಡಿ ವಾಟರ್ಸ್, ಮುದುಕ. ಸ್ಟೋನ್ಸ್ ಹುಡುಗರು ಗಿರಾಕಿಗಳ ಹಾಗೆ ಕೂತಿದ್ದಾರೆ. ಮುದುಕ ಹೆಸರು ಹಿಡಿದು ಕರೆಯುತ್ತಾನೆ, ರಿಚರ್ಡ್ಸ್ ಮೇಜಿನ ಮೇಲೇ ಕಾಲಿಟ್ಟು ಹತ್ತಿ ಬರುತ್ತಾನೆ. ಅಲ್ಲಿ ಜಾಗರ್ ದೊರೆಯಲ್ಲ, ಶಿಷ್ಯ. ಮುದುಕನ ಕಣ್ಣು ನೋಡಿಕೊಂಡು ಹಾಡುತ್ತಾನೆ, ಎಲ್ಲಿ ಬಾಯಿ ಮುಚ್ಚಬೇಕೋ ಅಲ್ಲಿ ಮುಚ್ಚುತ್ತಾನೆ. ಈ ರೆಕಾರ್ಡಿಂಗ್ ಹೊರಬಂದದ್ದು 2012ರಲ್ಲಿ. ‘ಲೈವ್ ಲಿಕ್ಸ್’ನ ಎರಡು ಸಿಡಿಗಳನ್ನೂ ನಾವು ಇದರ ಹತ್ತು ನಿಮಿಷಕ್ಕೆ ಕೊಡುತ್ತೇವೆ.

ಮಡ್ಡಿ ವಾಟರ್ಸ್‌ನ ಕಂಠ ಮೊದಲು ರೆಕಾರ್ಡಾದದ್ದು 1941ರಲ್ಲಿ, ಅವನು ದುಡಿಯುತ್ತಿದ್ದ ಹತ್ತಿ ತೋಟದಲ್ಲಿ. ಅಲನ್ ಲೋಮ್ಯಾಕ್ಸ್ ಎಂಬ ಬಿಳಿಯ ಅಮೆರಿಕದ ಸರ್ಕಾರಿ ಗ್ರಂಥಾಲಯದ ಯಂತ್ರ ಹೊತ್ತು ಬಂದಿದ್ದ. ತನ್ನ ದನಿಯನ್ನು ತಾನೇ ಕೇಳಿ ಆ ಕೂಲಿಯಾಳಿಗೆ ನಾನು ಹಾಡಬಲ್ಲೆ ಅನ್ನೋ ಧೈರ್ಯ ಬಂತು. ಎರಡು ವರ್ಷದಲ್ಲಿ ತೋಟ ಬಿಟ್ಟು ಷಿಕಾಗೋ ಸೇರಿದ.

ಇದನ್ನು ಓದಿದ ಮೇಲೆ ನಮಗೆ ನಮ್ಮ ಬೀದಿ ನೆನಪಾಯಿತು. ಪ್ಲೇಗಿನ ನಂತರ ಎದ್ದ ಬಡಾವಣೆ ಇದು. ಬ್ರಿಟಿಷ್ ರೆಸಿಡೆಂಟ್ ಫ್ರೇಸರನ ಹೆಸರಿತ್ತು, ಆಮೇಲೆ ಚಾಲುಕ್ಯ ದೊರೆಯ ಹೆಸರು ಬಂತು. 2008ರಿಂದ ಪುಲಿಕೇಶಿನಗರ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಓಟಿನ ಲೆಕ್ಕಕ್ಕೆ ನಾವಿದ್ದೇವೆ. ಇಲ್ಲಿಂದ ಕಲ್ಪಳ್ಳಿ ಸ್ಮಶಾನಕ್ಕೆ ಹೆಣ ಹೋಗುವಾಗ ಮುಂದೆ ನಡೆಯುವ ತಮಟೆಯನ್ನು ಯಾರು ರೆಕಾರ್ಡು ಮಾಡಿದ್ದಾರೆ? ತಮಿಳಿನಲ್ಲಿ ಅದನ್ನು ಪರೈ ಅಂತಾರೆ. ಇಂಗ್ಲಿಷಿನವರು ಆ ಮಾತಿನಿಂದಲೇ ‘ಪರಯ್ಯಾ’ ಎಂಬ ಬೈಗುಳ ಮಾಡಿಕೊಂಡರು. ಕಾಲೇಜಿಗೆ ಹೋಗುವಾಗ ತಮಟೆ ಸದ್ದು ಕೇಳಿದರೆ ತಲೆ ತಗ್ಗಿಸಿ ಬೇರೆ ಗಲ್ಲಿ ಹಿಡಿದವರು ನಮ್ಮಲ್ಲೇ ಇದ್ದೇವೆ.

ಜಾತಿಯ ಚಾಕರಿಯಾಗಿ ತಮಟೆ ಹೊಡೆಯಬೇಡಿ ಎಂದು ದಲಿತ ಚಳವಳಿ ಹೇಳಿತು, ಸರಿಯಾಗಿಯೇ ಹೇಳಿತು. ಅದೇ ಚಳವಳಿಯ ಮೆರವಣಿಗೆಗಳಲ್ಲಿ ತಮಟೆ ಮುಂದೆ ನಡೆಯಿತು, ಅದೂ ಸರಿಯೇ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಿಂದ ಪುಸ್ತಕವಾಗಿ ಉಳಿದಿದೆ. ಆ ಹಾಡುಗಳನ್ನು ಊರೂರಿನಲ್ಲಿ ಎತ್ತಿ ಹಾಡಿದ ಗಂಟಲುಗಳೆಷ್ಟೋ ಎಲ್ಲೂ ಅಚ್ಚಾಗಲಿಲ್ಲ. 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು, ಸಂತೋಷ. ಒಬ್ಬರಿಗೆ ಬಂತು.

ಹೀಗೆ ಯೋಚಿಸಿ ಮೊನ್ನೆ ಮೊಬೈಲು, ಒಂದು ಮೈಕು ಹಿಡಿದು ನಮ್ಮ ಹಿಂದಿನ ಗಲ್ಲಿಯ ತಮಟೆ ತಾತನ ಮನೆಗೆ ಹೋದೆವು. ಬಾಗಿಲಲ್ಲೇ ಕೇಳಿದರು: “ಯಾರಪ್ಪ ಹೋಗ್ಬಿಟ್ಟಿದ್ದು?”

ಯಾರೂ ಇಲ್ಲ ತಾತ, ನಿಮ್ಮ ತಮಟೆ ರೆಕಾರ್ಡು ಮಾಡ್ಕೊಳ್ಳೋಕೆ ಬಂದ್ವಿ ಅಂದೆವು.

“ಹಂಗಾದ್ರೆ ಮದುವೇದು ಹೊಡೀತೀನಿ. ಸಾವಿಂದು ಸುಮ್‌ಸುಮ್ನೆ ಹೊಡೆಯಲ್ಲ.”

ಕಾಗದ ಹೊತ್ತಿಸಿ ಚರ್ಮ ಕಾಯಿಸಿದರು. ಫೈಬರ್ ತಮಟೆಯೂ ಗೋಡೆಗೆ ತೂಗುತ್ತಿತ್ತು, ಮಳೆಗಾಲಕ್ಕೆ ಅಂತೆ, ನೆನೆದರೆ ಚರ್ಮ ಸಡಿಲ ಬೀಳುತ್ತದೆ. ಕಾಯಿಸುತ್ತಾ ತಲೆ ಎತ್ತದೆ ಕೇಳಿದರು: “ಇದನ್ನ ಯಾರಿಗೆ ಮಾರ್ತೀರ?”

ಮಾರಲ್ಲ ತಾತ ಅಂದೆವು. ಅವರು ನಂಬಿದ ಹಾಗೆ ಕಾಣಲಿಲ್ಲ. ಅವರ ಹೆಸರು ಎಲ್ಲಿ ಹಾಕುತ್ತೇವೆ, ದುಡ್ಡು ಬಂದರೆ ಯಾರಿಗೆ ಎಷ್ಟು, ನಾವೇ ಇನ್ನೂ ಕೂತು ಮಾತಾಡಿರಲಿಲ್ಲ. ಅವರು ನಾಲ್ಕು ನಿಮಿಷ ಹೊಡೆದರು. ಕುಕ್ಕರ್ ಸೀಟಿ, ಆಟೋ ಹಾರ್ನು ಎಲ್ಲಾ ಸೇರಿದೆ. ಸಾಕಾಗಲಿಲ್ಲ, ಭಾನುವಾರ ಬನ್ನಿ ಅಂತ ಅವರೇ ಹೇಳಿದರು. ಅವರ ತಮ್ಮ ಬರ್ತಾರಂತೆ. ಜೋಡಿ ತಮಟೆ ಇಲ್ದಿದ್ರೆ ನಡೆ ಕೂರೋದಿಲ್ಲವಂತೆ.