ಹಳದಿ ಚೀಲ ಎತ್ತುವವರು

ಯಾವ ಆಸ್ಪತ್ರೆಯ ವಾರ್ಡಿಗೆ ಹೋದರೂ ಗೋಡೆಯ ಮೇಲೆ ಯಾವ ಕಸ ಯಾವ ಬಣ್ಣದ ಬಕೆಟ್ಟಿಗೆ ಎನ್ನುವ ಪಟ್ಟಿ ಕಾಣುತ್ತದೆ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು, ಹೆರಿಗೆಯ ಮಾಸು ಹಳದಿಗೆ. ಡ್ರಿಪ್ ನಳಿಕೆ, ಕೈಗವಸು ಕೆಂಪಿಗೆ. ಗಾಜಿನ ಸೀಸೆ ನೀಲಿಗೆ. ಸೂಜಿ, ಬ್ಲೇಡು ಬಿಳಿ ಡಬ್ಬಿಗೆ. ಆಸ್ಪತ್ರೆ ತ್ಯಾಜ್ಯದ ಬಗೆಗಿನ 1998ರ ನಿಯಮ ಹತ್ತು ಬಗೆಯ ತ್ಯಾಜ್ಯ ಎಣಿಸುತ್ತಿತ್ತು. 2016ರದ್ದು ನಾಲ್ಕಕ್ಕೆ ಇಳಿಸಿತು. ಕಸ ಹುಟ್ಟಿದ ಜಾಗದಲ್ಲೇ ಅದನ್ನು ಬೇರ್ಪಡಿಸಬೇಕು ಎನ್ನುವುದೇ ಇದರ ಜೀವ. ಇಷ್ಟು ಸರಳವಾದ ಸರ್ಕಾರಿ ನಿಯಮ ಅಪರೂಪ.

ಆದರೆ ಬೆಳಗಿನ ರೌಂಡ್ಸ್ ಗಡಿಬಿಡಿಯಲ್ಲಿ ಅದು ಜಾರುತ್ತದೆ. ಚುಚ್ಚಿದ ಸೂಜಿ ಟ್ರೇಯಲ್ಲೇ ಉಳಿದು, ಆಮೇಲೆ ಹತ್ತಿಯ ಜೊತೆ ಹಳದಿ ಬಕೆಟ್ಟಿಗೆ ಬೀಳುತ್ತದೆ. ಸೂಜಿ ಕತ್ತರಿಸುವ ಯಂತ್ರ ಸಿಸ್ಟರ್ ಮೇಜಿನ ಮೇಲಿರುತ್ತದೆ, ರೋಗಿಯ ಹಾಸಿಗೆ ವಾರ್ಡಿನ ಆ ತುದಿಯಲ್ಲಿ. ವಾರ್ಡಿಗೆಲ್ಲ ಒಬ್ಬರೇ ಸಿಸ್ಟರ್ ಇರುವಾಗ ಇದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸಿಲ್ಲ. ನೋಡಲು ಬಂದ ನಾವೂ ಬಾಳೆಹಣ್ಣಿನ ಸಿಪ್ಪೆ, ಇಡ್ಲಿ ಪೊಟ್ಟಣಗಳನ್ನು ಅದೇ ಬಕೆಟ್ಟಿಗೆ ಎಸೆದು ಬರುತ್ತೇವಲ್ಲ!

ಮುಕ್ಕಾಲು ತುಂಬಿದಾಗ ಕಟ್ಟಬೇಕಾದ ಚೀಲ ಹೀಗೆ ಬಾಯಿಮಟ್ಟ ತುಂಬುತ್ತದೆ. ಅದನ್ನು ಒತ್ತಿ ಗಂಟು ಹಾಕುವವರು ಆಯಾ ಅಥವಾ ವಾರ್ಡ್ ಬಾಯ್, ಎಷ್ಟೋ ಕಡೆ ಹೊರಗುತ್ತಿಗೆಯವರು. ಯಾರೋ ಎಸೆದ ಸೂಜಿ ಚುಚ್ಚುವುದು ಆ ಕೈಗೆ. ಸೂಜಿಯಲ್ಲಿ ಹೆಪಟೈಟಿಸ್ ಬಿ ರಕ್ತವಿದ್ದರೆ, ಲಸಿಕೆ ಇಲ್ಲದ 100 ಜನರಲ್ಲಿ 30 ಮಂದಿಯವರೆಗೆ ಸೋಂಕು ತಗಲಬಹುದು. ಎಚ್‌ಐವಿಯಾದರೆ 1000ಕ್ಕೆ ಸುಮಾರು 3. ಜನ ಹೆದರುವುದು ಮಾತ್ರ ಎಚ್‌ಐವಿಗೇ.

ಹೆಪಟೈಟಿಸ್ ಬಿ ಲಸಿಕೆಯನ್ನು ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹಾಕಿಸಬೇಕೆಂದು ನಿಯಮವೇ ಹೇಳುತ್ತದೆ. ಮೂರು ಡೋಸು ಮುಗಿಯಲು ಆರು ತಿಂಗಳು ಬೇಕು. ಅಷ್ಟರಲ್ಲಿ ಹೊರಗುತ್ತಿಗೆಯ ಏಜೆನ್ಸಿ ಬದಲಾದರೆ ಹಳಬರು ಹೋಗಿ ಹೊಸಬರು ಬರುತ್ತಾರೆ, ಅವರದ್ದು ಮತ್ತೆ ಮೊದಲನೇ ಡೋಸಿನಿಂದ. ಅದೂ ಯಾರಾದರೂ ನೆನಪಿಟ್ಟು ಹಾಕಿಸಿದರೆ. ವರ್ಷಕ್ಕೊಮ್ಮೆಯ ತರಬೇತಿಯ ಗತಿಯೂ ಇದೇ.

ತಪಾಸಣೆಗೆ ಬರುವವರು ಚೀಲದ ಬಾರ್‌ಕೋಡು ನೋಡಲಿ, 48 ಗಂಟೆಯೊಳಗೆ ತ್ಯಾಜ್ಯ ಹೊರಗೆ ಹೋಯಿತೇ ಎಂದು ರಿಜಿಸ್ಟರ್ ತಿರುವಲಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು ಚೀಲ ಎತ್ತುವ ಹೆಂಗಸನ್ನು ಕರೆದು, 'ಮೂರನೇ ಇಂಜೆಕ್ಷನ್ ಆಯ್ತೇನಮ್ಮ?' ಎಂದು ಕೇಳಲಿ. ಇಲ್ಲ ಎಂದರೆ, ಬಕೆಟ್ಟುಗಳ ಬಣ್ಣ ಎಷ್ಟೇ ಸರಿಯಿರಲಿ, ಆ ಆಸ್ಪತ್ರೆ ನನ್ನ ಲೆಕ್ಕದಲ್ಲಿ ಫೇಲು.