ಗೋಣಿತಟ್ಟಿನಿಂದ ಮನೆಪಾಠದವರೆಗೆ

‘ಈ ಕೂಸನ್ನ ಎಲ್ಲಿ ಕೂಡಿಸೋದು?’ ಶಾಲೆಯ ಬಾಗಿಲಲ್ಲಿ ಈ ಪ್ರಶ್ನೆ ಬಹಳ ಹಳೆಯದು. ಕಾಲಿಲ್ಲದ ಮಗುವನ್ನು, ಕಿವಿ ಕೇಳದ ಮಗುವನ್ನು ಕುರಿತು ಇದನ್ನು ಕೇಳುವುದಕ್ಕೆ ಎಷ್ಟೋ ಮೊದಲು ಈ ದೇಶದ ಮಾಸ್ತರರು ನಮ್ಮ ಕೇರಿಯ ಮಕ್ಕಳನ್ನು ಕುರಿತು ಕೇಳಿದ್ದರು. ಅಂಬೇಡ್ಕರರು ಹುಡುಗರಾಗಿದ್ದಾಗ ಸಾತಾರೆಯ ಶಾಲೆಯಲ್ಲಿ ಉಳಿದವರ ಸಾಲಿನಲ್ಲಿ ಕೂಡುವಂತಿರಲಿಲ್ಲ. ಮೂಲೆಯಲ್ಲಿ ಬೇರೆ ಗೋಣಿತಟ್ಟು ಹಾಸಿಕೊಂಡು ಕೂಡಬೇಕು, ಸಂಜೆ ಅದನ್ನು ಮನೆಗೆ ಹೊತ್ತೊಯ್ದು ಮರುದಿನ ಮತ್ತೆ ತರಬೇಕು. ಶಾಲೆಯ ಕಸ ಗುಡಿಸುವ ಆಳು ಕೂಡ ಆ ತಟ್ಟನ್ನು ಮುಟ್ಟುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಆ ಹುಡುಗ ಎಲ್ಲರಂಥ ಒಬ್ಬ ವಿದ್ಯಾರ್ಥಿ. ಹೆಸರನ್ನು ಒಳಗೆ ಕರೆದುಕೊಂಡು ಮಗುವನ್ನು ಹೊರಗೆ ಕೂಡಿಸುವ ಈ ವಿದ್ಯೆಯನ್ನು ನಮ್ಮ ಸಮಾಜ ಇನ್ನೂ ಮರೆತಿಲ್ಲ.

ವಿಕಲಚೇತನ ಮಗುವನ್ನು ಯಾವ ಶಾಲೆಗೆ ಹಾಕಬೇಕು ಅನ್ನೋದನ್ನು ಅಧಿಕಾರಿಗಳು, ಡಾಕ್ಟರುಗಳು, ಎಷ್ಟೋ ಜನ ಮಾಸ್ತರರು ಬರೀ ದೇಹದ ಪ್ರಶ್ನೆ ಅಂತ ತಿಳಿದಿದ್ದಾರೆ. ಎಷ್ಟು ಪರ್ಸೆಂಟು, ಯಾವ ನಮೂನೆ, ಕಾರ್ಡು ಆಗಿದೆಯೋ ಇಲ್ಲವೋ, ಇಷ್ಟು ಗೊತ್ತಾದರೆ ಮಗುವಿನ ಜಾಗ ತಾನಾಗಿ ಗೊತ್ತಾಗುತ್ತದೆ ಅಂತ ಅವರ ನಂಬಿಕೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಹಳೆಯ ತಾಲೂಕುಗಳ ಬದುಕನ್ನು ಬಲ್ಲವರು ಇದನ್ನು ಒಪ್ಪುವುದು ಕಷ್ಟ. ಇಲ್ಲಿ ಮಗುವಿನ ಜಾಗವನ್ನು ಅದರ ಕಾಲು, ಕಣ್ಣು, ಬುದ್ಧಿಗಿಂತ ಹೆಚ್ಚಾಗಿ ಅಪ್ಪನ ಹೊಲ, ಅವ್ವನ ಕೂಲಿ, ಕೇರಿಯಿಂದ ಶಾಲೆಗಿರುವ ದಾರಿ ನಿರ್ಧರಿಸುತ್ತವೆ. ಆದ್ದರಿಂದಲೇ ಇದು ದಲಿತ ಚಳವಳಿಯ ಪ್ರಶ್ನೆ.

ಮೊದಲು ಕಾನೂನಿನ ಮಾತುಗಳನ್ನು ಓದೋಣ. ಕವಿತೆ ಓದುವ ಹಾಗೆ ಒಂದೊಂದೇ ಪದ ಹಿಡಿದು ಓದಬೇಕು. 1974ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲೇ ಓದಿಸುವ ಯೋಜನೆ ತಂದಿತು. 1995ರ ಕಾಯ್ದೆ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಮಾತಾಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ, ಬಹುವಿಧ ವೈಕಲ್ಯ ಅಥವಾ ತೀವ್ರ ವೈಕಲ್ಯ ಇರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನೂ ಆರಿಸಿಕೊಳ್ಳಬಹುದು ಎಂದಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೆಯ ಕಲಮಿನ ಪ್ರಕಾರ, ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಇರುವ 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ತನ್ನ ಇಚ್ಛೆಯಂತೆ, ಉಚಿತವಾಗಿ ಓದುವ ಹಕ್ಕಿದೆ. 2020ರ ಶಿಕ್ಷಣ ನೀತಿಯೂ ಊರ ಶಾಲೆ, ವಿಶೇಷ ಶಾಲೆ, ಮನೆ ಅಂತ ಇದೇ ಮೂರು ಬಾಗಿಲು ತೋರಿಸುತ್ತದೆ.

ಇಲ್ಲಿ ಹಿಡಿಯಬೇಕಾದದ್ದು ಕರ್ತೃಪದ. ಆರಿಸಿಕೊಳ್ಳೋರು ಯಾರು? ಕಾನೂನಿನ ವಾಕ್ಯದಲ್ಲಿ ಮಗು, ಮಗುವಿನ ಪರವಾಗಿ ಹೆತ್ತವರು. ಹೆಡ್‌ಮಾಸ್ತರರಾಗಲಿ ಡಾಕ್ಟರಾಗಲಿ ಬಿ.ಇ.ಒ. ಸಾಹೇಬರಾಗಲಿ ಅಲ್ಲಿಲ್ಲ. ಅದೇ ವಾಕ್ಯ ಹಳ್ಳಿಗೆ ಬರುವಷ್ಟರಲ್ಲಿ ಕರ್ತೃ ಬದಲಾಗಿರುತ್ತಾನೆ. ‘ನಿಮ್ಮ ಹುಡುಗನ್ನ ಮನಿಪಾಠಕ್ಕ ಹಾಕೇವಿ.’ ‘ಇವಗ ನಮ್ಮ ಸಾಲಿ ಆಗಿ ಬರಂಗಿಲ್ಲ, ಬ್ಯಾರೆ ಕಡೆ ನೋಡ್ರಿ.’ ಇಂಥ ಮಾತಿಗೆ ಕೂಲಿ ಮಾಡುವ ಅವ್ವ ಏನಂದಾಳು? ‘ಹೂಂ ರೀ ಸರ’ ಅಂತಾಳೆ. ಆ ‘ಹೂಂ’ ಕಾಗದದ ಮೇಲೆ ಪಾಲಕರ ಇಚ್ಛೆ ಅಂತ ಬರೆದುಕೊಳ್ಳುತ್ತದೆ. ಹಕ್ಕು ಇರಬೇಕಾದ ಕಡೆ ಹುಕುಂ ಬಂದು ಕೂತಿದೆ.

ಆ ಮೂರು ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ ನೋಡೋಣ.

ವಿಶೇಷ ಶಾಲೆಯ ಬಾಗಿಲು ದೂರದಲ್ಲಿದೆ. ಮೈಸೂರಿನಲ್ಲಿ 1901ರಲ್ಲೇ ಕಿವುಡ, ಕುರುಡ ಮಕ್ಕಳ ಶಾಲೆ ಶುರುವಾಗಿತ್ತು. ಆಗ ಕೊಪ್ಪಳ, ಯಲಬುರ್ಗಾ ನಿಜಾಮರ ರಾಜ್ಯದೊಳಗೆ ಸಾಲಾರಜಂಗರ ಜಹಗೀರು; ಈ ಕಡೆ ಯಾವ ಮಗುವಿಗೂ ಕನ್ನಡ ಶಾಲೆ ಸಿಗುವುದೇ ಅಪರೂಪ. 1956ರಲ್ಲಿ ಏಕೀಕರಣ ಆಯಿತು, 1997ರಲ್ಲಿ ರಾಯಚೂರಿನಿಂದ ಒಡೆದು ಕೊಪ್ಪಳ ಜಿಲ್ಲೆಯೂ ಆಯಿತು. ಆದರೆ ಸರ್ಕಾರ ತಾನೇ ನಡೆಸುತ್ತ ಬಂದ ಕಿವುಡ ಮಕ್ಕಳ ವಸತಿ ಶಾಲೆಗಳು ಮೈಸೂರು, ಬೆಳಗಾವಿ, ಕಲಬುರಗಿ, ಬಳ್ಳಾರಿಗೆ ಸೇರಿದವು; ಅಂಧ ಮಕ್ಕಳವು ಮೈಸೂರು, ಕಲಬುರಗಿ, ದಾವಣಗೆರೆ, ಹುಬ್ಬಳ್ಳಿಗೆ. ಕುಷ್ಟಗಿಯ ಹಳ್ಳಿಯಿಂದ ಇವು ಯಾವುವೂ ಬೆಳಿಗ್ಗೆ ಹೋಗಿ ಸಂಜೆ ಬರುವ ಶಾಲೆಗಳಲ್ಲ. ಆರು ವರ್ಷದ ಕೂಸನ್ನು ಅಷ್ಟು ದೂರ ಬಿಟ್ಟು ಬರೋದು, ಇಲ್ಲಾ ಮನೆಯಲ್ಲಿ ಇಟ್ಟುಕೊಳ್ಳೋದು. ಇದಕ್ಕೆ ಇಚ್ಛೆ ಅಂತ ಹೆಸರು.

ಸರ್ಕಾರ ಬರುವ ಮೊದಲೇ ಈ ಭಾಗದ ಕಣ್ಣಿಲ್ಲದ ಮಕ್ಕಳಿಗೆ ಬಾಗಿಲು ತೆರೆದದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಜಾತಿ ಕೇಳದೆ ಅನ್ನ ಹಾಕಿ ವಿದ್ಯೆ ಕೊಟ್ಟರು. ಆ ಉಪಕಾರವನ್ನು ಯಾರೂ ಸಣ್ಣದು ಮಾಡಲಾರರು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಣ್ಣಿಲ್ಲದ ಹುಡುಗ ಅಂದ ಕೂಡಲೇ ಊರಿಗೆ ಹಾರ್ಮೋನಿಯಂ, ತಬಲಾ ಯಾಕೆ ನೆನಪಾಗಬೇಕು? ಸ್ವರ ಹತ್ತದ, ಲೆಕ್ಕ ಇಷ್ಟಪಡುವ, ವಕೀಲನಾಗಬೇಕೆನ್ನುವ ಹುಡುಗ ಎಲ್ಲಿ ಹೋಗಬೇಕು? ಈ ಪ್ರಶ್ನೆಯನ್ನು ಆಶ್ರಮಕ್ಕೆ ಕೇಳುವುದು ಅನ್ಯಾಯ. ಆಶ್ರಮದ ಕಡೆ ಕೈ ಮುಗಿದು, ತನ್ನ ಕೆಲಸ ಮುಗಿಯಿತೆಂದು ತಿಳಿದ ಸರ್ಕಾರಕ್ಕೆ ಕೇಳಬೇಕು. ದಾನ ಎಷ್ಟೇ ದೊಡ್ಡದಾದರೂ ಅದು ಕೊಡುವವರ ದೊಡ್ಡತನದ ಮೇಲೆ ನಿಂತದ್ದು. ಹಕ್ಕಿಗೆ ಯಾರ ದೊಡ್ಡತನವೂ ಬೇಕಿಲ್ಲ.

ಊರ ಶಾಲೆಯ ಬಾಗಿಲು ಹತ್ತಿರದಲ್ಲಿದೆ. ಅಲ್ಲಿ ಗಾಲಿಕುರ್ಚಿಗೆ ಇಳಿಜಾರು ಕಟ್ಟಿ ಫೋಟೋ ತೆಗೆದು ಕಡತಕ್ಕೆ ಹಚ್ಚಿದರೆ ಕೆಲಸ ಮುಗಿಯಿತು ಅಂತ ಇಲಾಖೆ ತಿಳಿಯುತ್ತದೆ. ಕೇರಿಯಿಂದ ಆ ಇಳಿಜಾರಿನವರೆಗಿನ ಎರೆಮಣ್ಣಿನ ದಾರಿಗೆ ಮಳೆಗಾಲದಲ್ಲಿ ಗಾಲಿಕುರ್ಚಿ ಹೇಗೆ ಬರುತ್ತದೆ? ಹೆಚ್ಚಿನ ಆಸರೆ ಬೇಕಾದ ಮಗುವಿಗೂ ಅದರ ಜೊತೆಗಾರರಿಗೂ ಸಾರಿಗೆ ಕೊಡಬೇಕೆಂದು 2016ರ ಕಾಯ್ದೆಯ 16ನೆಯ ಕಲಮು ಹೇಳುತ್ತದೆ. ಅಂಥ ಕಲಮು ಇದೆ ಅನ್ನೋದನ್ನು ಕೇರಿಗೆ ಬಂದು ಹೇಳೋರು ಯಾರು?

ಶಾಲೆಯೊಳಗೆ ಹೋದ ಮೇಲಿನದು ಇನ್ನೂ ಕಠಿಣ. ನಡೆಯಲಾಗದ ಮಗುವನ್ನು ಎತ್ತಿಕೊಳ್ಳಬೇಕು. ಕೈ ಬಾರದ ಮಗುವಿಗೆ ಬಿಸಿಯೂಟ ತಿನ್ನಿಸಬೇಕು, ಕೈ ತೊಳೆಸಬೇಕು, ಹೊರಕಡೆಗೆ ಕರೆದೊಯ್ಯಬೇಕು. ಇದೆಲ್ಲ ಮುಟ್ಟುವ ಕೆಲಸ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಕೂಸೊಂದು ಹನುಮಪ್ಪನ ಗುಡಿಯೊಳಗೆ ಓಡಿತೆಂದು ಗುಡಿಯ ಶುದ್ಧೀಕರಣಕ್ಕೆ ಹಣ ಕೇಳಿದ್ದು ನಾಡಿಗೆಲ್ಲ ಗೊತ್ತು. ತಾನಾಗಿ ಓಡಬಲ್ಲ ಕೂಸಿನ ಹೆಜ್ಜೆಯೇ ಮೈಲಿಗೆಯಾಗುವ ಸಮಾಜದಲ್ಲಿ, ಓಡಲಾರದ ಕೂಸನ್ನು ಯಾರು ಎತ್ತಿಕೊಳ್ಳುತ್ತಾರೆ? ಕಾನೂನು ಇಳಿಜಾರಿನ ಬಗ್ಗೆ ಮಾತಾಡುತ್ತದೆ, ಮುಟ್ಟುವುದರ ಬಗ್ಗೆ ಮಾತಾಡುವುದಿಲ್ಲ. ಅಸ್ಪೃಶ್ಯತೆ ಇರುವ ನೆಲದಲ್ಲಿ ಮುಟ್ಟುವ ಮಾತಾಡದ ‘ಸಮನ್ವಯ ಶಿಕ್ಷಣ’ ಅರ್ಧ ಶಿಕ್ಷಣ.

ಕಲಿಸುವವರಾದರೂ ಇದ್ದಾರೆಯೇ? 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ತಾತ್ಕಾಲಿಕವಾಗಿ ಎತ್ತಿಹಿಡಿಯಿತು. 2025ರ ಮಾರ್ಚಿನಲ್ಲಿ ಹುದ್ದೆ ಮಂಜೂರು ಮಾಡಿರೆಂದು ಅದೇ ಕೋರ್ಟು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಇನ್ನು ‘ನೆರೆಹೊರೆ’ ಅನ್ನೋ ಪದವೇ ಹೊಲ ಇದ್ದವರ ಪದ. 2002ರ ನಂಜುಂಡಪ್ಪ ಸಮಿತಿ ಕುಷ್ಟಗಿ, ಯಲಬುರ್ಗಾಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿತು. ಮಳೆ ಕೈಕೊಟ್ಟ ವರ್ಷ ಇಲ್ಲಿನ ಕೂಲಿ ಜನ ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಗುಳೆ ಹೋದ ಕೂಸಿಗೆ ಯಾವುದು ನೆರೆ, ಯಾವುದು ಹೊರೆ?

ಉಳಿದದ್ದು ಮನೆ. ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೂ ಅಕ್ಷರ ಮುಟ್ಟಲಿ ಅನ್ನೋ ಉದ್ದೇಶ ಒಳ್ಳೆಯದೇ. ಆದರೆ ಮನೆ ಅಂದರೆ ಯಾವ ಮನೆ? ಗಂಗಾವತಿಯ ಎಡದಂಡೆ ಕಾಲುವೆಯ ಗದ್ದೆಯ ಮಾಲೀಕನದೂ ಮನೆ. ಅದೇ ಗದ್ದೆಯಲ್ಲಿ ಭತ್ತ ನಾಟಿ ಮಾಡುವ ಹೆಣ್ಣಾಳಿನ ಒಂದು ಕೋಣೆಯದೂ ಮನೆ. ಮೊದಲನೆಯ ಮನೆಗೆ ಟ್ಯೂಷನ್ ಮಾಸ್ತರ ಬರುತ್ತಾನೆ, ಕಾರು ಇರುತ್ತದೆ, ಆಳು ಇರುತ್ತದೆ. ಎರಡನೆಯ ಮನೆಯಲ್ಲಿ ಅವ್ವ ಕೂಲಿಗೆ ಹೋದರೆ ಕೂಸು ಒಂಟಿ, ಹೋಗದಿದ್ದರೆ ಒಲೆ ಹತ್ತೋದಿಲ್ಲ. ಕೊನೆಗೆ ಅಕ್ಕನನ್ನು ಶಾಲೆ ಬಿಡಿಸಿ ಕೂಸಿನ ಹತ್ತಿರ ಕೂಡಿಸುತ್ತಾರೆ. ತಮ್ಮನಿಗೆ ಮನೆಪಾಠ ಅಂತ ಬರೆದ ಒಂದೇ ಸಹಿಯಿಂದ ಇಬ್ಬರು ಮಕ್ಕಳು ಶಾಲೆಯಿಂದ ಹೊರಗೆ ಬಂದರು. 2018ರ ಸಮಗ್ರ ಶಿಕ್ಷಣ ಯೋಜನೆ ವಿಶೇಷ ಅಗತ್ಯದ ಹೆಣ್ಣುಮಗುವಿಗೆ ಗೊತ್ತುಮಾಡಿದ ಪ್ರೋತ್ಸಾಹಧನ ತಿಂಗಳಿಗೆ 200 ರೂಪಾಯಿ. ಅವ್ವನ ಒಂದು ದಿನದ ಕೂಲಿಗೂ ಅದು ಸಾಲದು. ಆದರೂ ದಾಖಲೆಯಲ್ಲಿ ಆ ಮಗು ಶಾಲೆ ಬಿಟ್ಟ ಮಗುವಲ್ಲ. ಹಾಜರಿ ಪುಸ್ತಕದಲ್ಲಿ ಅದರ ಹೆಸರಿದೆ. ಸಾತಾರೆಯ ಹಾಜರಿ ಪುಸ್ತಕದಲ್ಲೂ ಹೆಸರಿತ್ತು.

ಇಂಥ ಮಕ್ಕಳ ಬಗ್ಗೆ ಊರು ಹೇಳುವ ಕಾರಣ ಪೂರ್ವಜನ್ಮದ ಕರ್ಮ. ನಮ್ಮ ಹುಟ್ಟಿಗೂ ಅದೇ ಕಾರಣ ಹೇಳಿದ್ದರು. ಕುಷ್ಟಗಿ, ಯಲಬುರ್ಗಾದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡು ಹೆಚ್ಚೆಂಬುದು ಸರ್ಕಾರಕ್ಕೆ ಹೊಸ ಸುದ್ದಿಯಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಎಲುಬು, ಕೀಲು ಕೆಡುತ್ತವೆ. ಶುದ್ಧ ನೀರನ್ನು ಕೊಂಡು ಕುಡಿಯಲಾರದವರ ಮನೆಯಲ್ಲಿ ಇದು ಹೆಚ್ಚು. ಕೆಟ್ಟ ನೀರು ಕುಡಿಸಿದ ವ್ಯವಸ್ಥೆಯೇ ಆಮೇಲೆ ಕ್ಯಾಂಪು ಹಾಕಿ, ಬಾಗಿದ ಕಾಲನ್ನು ಅಳೆದು ಪರ್ಸೆಂಟು ಬರೆಯುತ್ತದೆ.

ಬುದ್ಧಿ ಅಳೆಯುವ ಕೋಲಿನ ಕಥೆಯೂ ಕೇಳಬೇಕು. 1930ರ ದಶಕದಲ್ಲಿ ವಿ.ವಿ. ಕಾಮತರು ಫ್ರಾನ್ಸಿನ ಬಿನೆಯ ಪರೀಕ್ಷೆಯನ್ನು ಮುಂಬಯಿ ಪ್ರಾಂತದ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂದು ಅದು ದಶಕಗಳ ಕಾಲ ಬಳಕೆಯಾಯಿತು. ಮನೆಯಲ್ಲಿ ಲಂಬಾಣಿ ಮಾತಾಡುವ ತಾಂಡಾದ ಕೂಸಿಗೆ, ಪುಸ್ತಕವನ್ನೇ ಕಾಣದ ಕೂಸಿಗೆ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಹಾಕಿ ಬುದ್ಧಿ ಕಡಿಮೆ ಅಂದರೆ ಅಳೆದದ್ದು ಬುದ್ಧಿಯನ್ನೋ ಬಡತನವನ್ನೋ? ಅಮೆರಿಕದ ಕಪ್ಪು ಜನ ಇದೇ ಪ್ರಶ್ನೆಯನ್ನು ಕೋರ್ಟಿಗೆ ಒಯ್ದರು. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಪ್ಪು ಮಕ್ಕಳ ಪರವಾಗಿ ಹೂಡಿದ ದಾವೆಯಲ್ಲಿ, ಬುದ್ಧಿ ಪರೀಕ್ಷೆಯ ಅಂಕ ನೋಡಿ ಅವರನ್ನು ಮಂದಬುದ್ಧಿಯವರ ತರಗತಿಗೆ ತಳ್ಳುವುದು ತಪ್ಪೆಂದು 1979ರಲ್ಲಿ ತೀರ್ಪು ಬಂತು. ಚೆಕ್ ದೇಶದ ಓಸ್ತ್ರಾವಾದಲ್ಲಿ ರೋಮಾ ಜನಾಂಗದ ಮಕ್ಕಳನ್ನು ವಿಶೇಷ ಶಾಲೆಗಳಿಗೆ ತುಂಬುತ್ತಿದ್ದುದು ತಾರತಮ್ಯ ಎಂದು 2007ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟು ಹೇಳಿತು. ಅಲ್ಲಿ ಬೇಡವಾದವರ ಮಕ್ಕಳನ್ನು ವಿಶೇಷ ಶಾಲೆಗೆ ತಳ್ಳಿದರು. ಇಲ್ಲಿ ವಿಶೇಷ ಶಾಲೆಯೂ ಹತ್ತಿರ ಇಲ್ಲದ್ದರಿಂದ ಮನೆಗೆ ತಳ್ಳುತ್ತಾರೆ.

ಚಳವಳಿಯ ಸಾಹಿತ್ಯಕ್ಕೂ ಒಂದು ಮಾತು ಹೇಳಬೇಕು. ಬಂಡಾಯದ ಭಾಷಣಗಳಲ್ಲಿ, ಕರಪತ್ರಗಳಲ್ಲಿ ಕುರುಡು ಸರ್ಕಾರ, ಕಿವುಡು ಪ್ರಭುತ್ವ, ಕುಂಟು ನೆಪ ಅನ್ನೋ ಮಾತು ಧಾರಾಳ. ಸರ್ಕಾರ ಕುರುಡಲ್ಲ, ಎಲ್ಲ ಕಂಡೂ ಸುಮ್ಮನಿದೆ. ಅದರ ಪಾಪವನ್ನು ಕಣ್ಣಿಲ್ಲದ ಕೂಸಿನ ತಲೆಗೆ ಕಟ್ಟುವುದು ಎಲ್ಲಿಯ ನ್ಯಾಯ? ಹೆಳವ ಅನ್ನೋದು ಕಾಲಿಲ್ಲದವನಿಗೂ ಹೆಸರು, ಊರೂರು ತಿರುಗಿ ವಂಶಾವಳಿ ಹೇಳುವ ಅಲೆಮಾರಿ ಜಾತಿಗೂ ಹೆಸರು. ಜಾತಿಯ ಹೆಸರನ್ನು ಬೈಗುಳ ಮಾಡಿದಾಗ ಸಿಡಿದೆದ್ದ ಸಾಹಿತ್ಯ, ದೇಹದ ಹೆಸರನ್ನು ಬೈಗುಳ ಮಾಡುವುದನ್ನು ಒಪ್ಪಬಾರದು.

ಹಾಗಾದರೆ ಮಾಡಬೇಕಾದ್ದೇನು? ಹಳ್ಳಿಯ ಮಾಸ್ತರರೇ, ಅಕ್ಕೋರೇ, ನಿಮ್ಮ ಶಾಲೆಯಲ್ಲಿ ಮನೆಪಾಠಕ್ಕೆ ಬರೆದ ಹೆಸರುಗಳನ್ನು ಒಮ್ಮೆ ತೆಗೆದು ನೋಡಿ. ಯಾವ ಕಾರಣಕ್ಕೆ ಬರೆದದ್ದು, ಅವ್ವ-ಅಪ್ಪನಿಗೆ ಮೂರೂ ಬಾಗಿಲಿನ ವಿಷಯ ಹೇಳಿತ್ತೇ, ತಿಂಗಳಿಗೆ ಎಷ್ಟು ಸಲ ಕಲಿಸುವವರು ಹೋಗಿದ್ದಾರೆ, ಆ ಮನೆಯ ಅಕ್ಕ-ತಂಗಿ ಶಾಲೆಗೆ ಬರುತ್ತಿದ್ದಾರೆಯೇ, ಇಷ್ಟನ್ನು ಎಸ್.ಡಿ.ಎಂ.ಸಿ. ಸಭೆಯ ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನಲ್ಲಿ ‘ಆಗಂಗಿಲ್ಲ’ ಅಂದವರಿಗೆ ಅದನ್ನೇ ಕಾಗದದ ಮೇಲೆ ಕೊಡಿ ಅನ್ನಿ. ವಿಕಲಚೇತನ ಮಕ್ಕಳ ಪ್ರವೇಶದ ವಿಷಯ ನೋಡಲು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಕೇಂದ್ರದ 2017ರ ನಿಯಮಗಳು ಹೇಳುತ್ತವೆ. ಕೊಪ್ಪಳದ ಕಚೇರಿಯಲ್ಲಿ ಆ ಅಧಿಕಾರಿ ಯಾರು ಅಂತ ಸಂಘಟನೆಯ ಹುಡುಗರು ಹೋಗಿ ಕೇಳಲಿ, ಹೆಸರನ್ನು ಕೇರಿಯ ಗೋಡೆಯ ಮೇಲೆ ಬರೆಯಲಿ. ದಾರಿಗೆ ಬಂಡಿ ಬರುವವರೆಗೆ ಕೂಸನ್ನು ಎತ್ತಿಕೊಂಡು ಹೋಗುವ ಸರದಿಯನ್ನು ಊರಿನ ಎಲ್ಲ ಜಾತಿಯ ಹುಡುಗರೂ ಹಂಚಿಕೊಳ್ಳಲಿ. ಸಹಪಂಕ್ತಿ ಭೋಜನಕ್ಕಿಂತ ಇದು ಕಷ್ಟದ ಪರೀಕ್ಷೆ.

ಮನೆಪಾಠ ಬೇಡವೇ ಬೇಡ ಅಂತ ಇಲ್ಲಿ ಯಾರೂ ವಾದಿಸುತ್ತಿಲ್ಲ. ಅದು ಬೇಕಾದ ಮಕ್ಕಳಿದ್ದಾರೆ. ವಿಶೇಷ ಶಾಲೆ ಬೇಕಾದ ಮಕ್ಕಳೂ ಇದ್ದಾರೆ. ಕಿವುಡ ಮಕ್ಕಳು ತಮ್ಮ ಕೈಭಾಷೆ ಆಡುವವರ ನಡುವೆ ಬೆಳೆಯಬೇಕೆನ್ನುವುದು ನ್ಯಾಯವಾದ ಬೇಡಿಕೆ. ಆದರೆ ಊರ ಶಾಲೆಯ ಬಾಗಿಲು ಪೂರ್ತಿ ತೆರೆದಿದ್ದು, ದಾರಿಗೆ ಬಂಡಿ, ತರಗತಿಗೆ ಮಾಸ್ತರ, ಮಗುವನ್ನು ಮುಟ್ಟಲು ಕೈ ಎಲ್ಲವೂ ಇದ್ದು, ಆಮೇಲೆ ಅವ್ವ ‘ಬ್ಯಾಡ್ರಿ, ನಮ್ಮ ಕೂಸಿಗೆ ಮನಿಯಾಗ ಕಲಸ್ರಿ’ ಅಂದರೆ ಮಾತ್ರ ಅದು ಇಚ್ಛೆ. ಅಲ್ಲಿಯವರೆಗೆ ಪಾಲಕರ ಇಚ್ಛೆ ಅಂತ ಕಾಗದದ ಮೇಲೆ ಬರೆಯುವ ಕೈಯನ್ನು ನಾವು ಹಿಡಿದು ನಿಲ್ಲಿಸಬೇಕು.