ಸರದಿಯ ನ್ಯಾಯ: ವಿಂಬಲ್ಡನ್ ಕ್ಯೂ ಕುರಿತು

ವಿಂಬಲ್ಡನ್ ಟೆನಿಸ್ ನಡೆಯುವ ಎರಡು ವಾರ, ಆಲ್ ಇಂಗ್ಲೆಂಡ್ ಕ್ಲಬ್ಬಿನ ಎದುರಿನ ಪಾರ್ಕಿನಲ್ಲಿ ದಿನವೂ ಒಂದು ಕ್ಯೂ ನಿಲ್ಲುತ್ತದೆ. ಮುಂಗಡ ಟಿಕೆಟ್ ಸಿಗದವರು ಅಂದಿನ ಆಟಕ್ಕೆ ಅಂದೇ ಟಿಕೆಟ್ ಪಡೆಯಲೆಂದು ಮಾಡಿದ ಏರ್ಪಾಡು ಅದು. ಅದರ ಬಗ್ಗೆ ಪ್ರತಿವರ್ಷ ಬರುವ ಬರಹಗಳು ಟೆಂಟು, ಮಳೆ, ಸ್ಟ್ರಾಬೆರಿ ಇಷ್ಟರಲ್ಲೇ ಸುತ್ತಾಡಿ, ಇಂಗ್ಲಿಷರಿಗೆ ಕ್ಯೂ ನಿಲ್ಲುವುದೆಂದರೆ ಎಲ್ಲಿಲ್ಲದ ಪ್ರೀತಿ ಎನ್ನುವಲ್ಲಿಗೆ ಬಂದು ನಿಲ್ಲುತ್ತವೆ. ಆ ಕ್ಯೂವಿಗೆ ಇದಕ್ಕಿಂತ ಗಂಭೀರವಾದ ಓದು ಸಲ್ಲಬೇಕು. ಬೇಡುವವರು ಲಕ್ಷಗಟ್ಟಲೆ, ಕುರ್ಚಿಗಳು ಕೆಲವೇ ಸಾವಿರ ಎಂದಾಗ ಯಾರನ್ನು ಒಳಗೆ ಬಿಡಬೇಕು ಎಂಬ ಕಠಿಣ ಪ್ರಶ್ನೆಗೆ ಅದೊಂದು ಉತ್ತರ. ಇವತ್ತಿನ ದೊಡ್ಡ ಕ್ರೀಡೆಯಲ್ಲಿ ಅಭಿಮಾನಿಯನ್ನು ಇಷ್ಟು ಮರ್ಯಾದೆಯಿಂದ ನಡೆಸಿಕೊಳ್ಳುವ ವ್ಯವಸ್ಥೆ ನನಗೆ ಬೇರೆ ಕಾಣುವುದಿಲ್ಲ. ಇಂಥದ್ದನ್ನು ಕಟ್ಟಿದ ಕ್ಲಬ್ಬೇ ಅದಕ್ಕೆ ಸಲ್ಲಬೇಕಾದಷ್ಟು ಪಾಲು ಕೊಡುತ್ತಿಲ್ಲ ಎಂಬುದು ನನ್ನ ತಕರಾರು.

ಕ್ಯೂ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಸಾಲಿನ ಕೊನೆ ಎಲ್ಲಿದೆ ಎಂದು ತೋರಿಸಲು ಒಂದು ಬಾವುಟ ಇರುತ್ತದೆ. ಬಂದು ಸೇರಿದವರಿಗೆ ದಿನಾಂಕ ಮತ್ತು ಕ್ರಮಸಂಖ್ಯೆ ಇರುವ ಕಾರ್ಡು ಸಿಗುತ್ತದೆ. ಒಬ್ಬರಿಗೆ ಒಂದೇ ಕಾರ್ಡು, ಒಂದೇ ಟಿಕೆಟ್. ಗೆಳೆಯನಿಗಾಗಿ ಜಾಗ ಹಿಡಿದಿಡುವಂತಿಲ್ಲ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಹಾಗೆ ಇಲ್ಲಿ ಚೀಲ ಇಟ್ಟು ಹೋದರೆ ನಡೆಯುವುದಿಲ್ಲ. ಊಟಕ್ಕೋ ಶೌಚಕ್ಕೋ ಎದ್ದು ಹೋದವರು ಅರ್ಧ ಗಂಟೆಯೊಳಗೆ ಮರಳಬೇಕು. ರಾತ್ರಿ ಉಳಿಯುವವರು ಹೂಡುವ ಟೆಂಟು ಇಬ್ಬರು ಮಲಗುವಷ್ಟಕ್ಕಿಂತ ದೊಡ್ಡದಿರಬಾರದು. ನಸುಕಿನಲ್ಲಿ ಸ್ವಯಂಸೇವಕರು ಬಂದು ಎಬ್ಬಿಸುತ್ತಾರೆ. ಟೆಂಟು ಮಡಚಿ ಸಾಮಾನು ಕೊಠಡಿಗೆ ಒಪ್ಪಿಸಿ, ಸಾಲನ್ನು ಒತ್ತಾಗಿಸಿಕೊಂಡು ನಿಲ್ಲಬೇಕು. ಆಮೇಲೆ ಸಾಲಿನ ಮುಂದಿರುವವರ ಕೈಗೆ ಯಾವ ಕೋರ್ಟ್ ಎಂದು ಗುರುತಿಸುವ ಪಟ್ಟಿ ಕಟ್ಟುತ್ತಾರೆ. ಸೆಂಟರ್ ಕೋರ್ಟ್, ಒಂದನೇ ಕೋರ್ಟ್, ಎರಡನೇ ಕೋರ್ಟ್ ಒಂದೊಂದಕ್ಕೂ ಸುಮಾರು 500 ಟಿಕೆಟ್ ಕ್ಯೂವಿಗೆಂದೇ ಮೀಸಲು. ಉಳಿದವರಿಗೆ ಹೊರಗಿನ ಸಣ್ಣ ಕೋರ್ಟುಗಳ ಆಟ ನೋಡಲು ಬಿಡುವ ಗ್ರೌಂಡ್ ಪಾಸ್. 2025ರ ಮೊದಲ ದಿನಗಳಲ್ಲಿ ಅದರ ಬೆಲೆ 30 ಪೌಂಡ್ ಇತ್ತು. ಮುಂದೆ ಎಷ್ಟು ಜನ ಇದ್ದಾರೆ, ತನ್ನ ಪಾಲಿಗೆ ಏನು ಬರಬಹುದು ಎಂಬುದು ಪ್ರತಿಯೊಬ್ಬರಿಗೂ ಮೊದಲೇ ಅಂದಾಜಿಗೆ ಸಿಗುತ್ತದೆ. ವಶೀಲಿಗೆ ಇಲ್ಲಿ ದಾರಿಯಿಲ್ಲ, ಬ್ಲ್ಯಾಕಿಗೂ ಇಲ್ಲ.

ಇದನ್ನೆಲ್ಲ ಇಂಗ್ಲಿಷರ ಸ್ವಭಾವಕ್ಕೆ ಜಮಾ ಮಾಡುವುದು ಸೋಮಾರಿತನದ ವಿವರಣೆ. ಆ ಸಾಲಿನಲ್ಲಿ ಜಪಾನಿನವರು, ಆಸ್ಟ್ರೇಲಿಯದವರು, ಅರ್ಜೆಂಟೀನಾದವರು, ಭಾರತದವರು ಎಲ್ಲರೂ ಇರುತ್ತಾರೆ. ಎಲ್ಲರೂ ಅದೇ ಶಿಸ್ತಿನಲ್ಲಿ ನಿಲ್ಲುತ್ತಾರೆ. ನಿಯಮ ಮೊದಲೇ ಪ್ರಕಟವಾಗಿದ್ದು, ಅದು ಎಲ್ಲರಿಗೂ ಒಂದೇ ಆಗಿದ್ದು, ಕೊನೆಗೆ ಕೈಗೆ ಏನಾದರೂ ಸಿಗುತ್ತದೆಂಬ ನಂಬಿಕೆ ಇದ್ದರೆ ಯಾವ ದೇಶದ ಜನವೂ ನೂಕಾಡುವುದಿಲ್ಲ. ಅಂಥ ಮಾಹಿತಿ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2025ರ ಜೂನ್ 4ರಂದು ಕಂಡಿತು. ಆರ್‌ಸಿಬಿ ವಿಜಯೋತ್ಸವದ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಒಳಗೆ ಬಿಡುತ್ತಾರೋ ಇಲ್ಲವೋ, ಪಾಸ್ ಬೇಕೋ ಬೇಡವೋ ಎಂಬ ಗೊಂದಲ ಕೊನೆವರೆಗೂ ಇತ್ತು. ಕನ್ನಡದ ಜನಕ್ಕೆ ಶಿಸ್ತಿಲ್ಲ ಎಂದು ಆಗ ಹೇಳಿದವರ ಮಾತನ್ನು ನಾನು ಒಪ್ಪುವುದಿಲ್ಲ. ಎರಡೂ ಕಡೆ ಸೇರಿದ್ದು ಅಭಿಮಾನಿಗಳೇ. ಅವರನ್ನು ಲೆಕ್ಕಕ್ಕೆ ತೆಗೆದುಕೊಂಡು ತಯಾರಿ ಮಾಡಿದ ಸಂಸ್ಥೆ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ವಿಂಬಲ್ಡನ್ ಕ್ಯೂವಿನ ಹಿರಿಮೆ ಈ ತಯಾರಿಯಲ್ಲಿದೆ, ಅದನ್ನು ಕಲಿಯಲು ಯಾರೂ ಇಂಗ್ಲಿಷರಾಗಿ ಹುಟ್ಟಬೇಕಿಲ್ಲ.

ಅಷ್ಟು ಹೊತ್ತು ನಿಂತು ಪಡೆಯುವುದಾದರೂ ಏನು, ಟಿವಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದಲ್ಲ ಎನ್ನುವವರಿದ್ದಾರೆ. ಸೆಂಟರ್ ಕೋರ್ಟಿನ ಆಟದ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಗ್ರೌಂಡ್ ಪಾಸ್ ತೆರೆದು ತೋರಿಸುವ ವಿಂಬಲ್ಡನ್ ಬೇರೆಯೇ. ಹೊರಗಿನ ಸಣ್ಣ ಕೋರ್ಟುಗಳಲ್ಲಿ ಆಟಗಾರ ಸರ್ವ್ ಮಾಡುವಾಗ ಬಿಡುವ ಉಸಿರು ಕೇಳುತ್ತದೆ. ಟಿವಿಯ ಎತ್ತರದ ಕ್ಯಾಮೆರಾ ಚಪ್ಪಟೆ ಮಾಡಿಬಿಡುವ ಚೆಂಡಿನ ವೇಗ, ಸ್ಲೈಸ್ ಹೊಡೆತ ಹುಲ್ಲಿಗೆ ತಾಗಿ ಏಳದೆ ಜಾರುವ ರೀತಿ, ಇವೆಲ್ಲ ಮೈಗೆ ತಟ್ಟುತ್ತವೆ. 2010ರಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಹು ಮೂರು ದಿನಗಳಲ್ಲಿ 11 ಗಂಟೆ 5 ನಿಮಿಷ ಆಡಿ, ಐದನೇ ಸೆಟ್ 70-68ಕ್ಕೆ ಮುಗಿದ ಪಂದ್ಯ ನಡೆದದ್ದು 18ನೇ ಕೋರ್ಟಿನಲ್ಲಿ. ಟೆನಿಸ್ ಇತಿಹಾಸದ ಅತಿ ದೀರ್ಘ ಪಂದ್ಯ ಸಿಕ್ಕಿದ್ದು ಅಗ್ಗದ ಪಾಸ್ ಹಿಡಿದು ಅಡ್ಡಾಡುತ್ತಿದ್ದವರಿಗೆ. ಡಬಲ್ಸ್ ಅಭಿಮಾನಿಗಳಿಗಂತೂ ಈ ಕೋರ್ಟುಗಳೇ ಗತಿ. ಕೊಡಗಿನ ರೋಹನ್ ಬೋಪಣ್ಣ 2013, 2015, 2023ರಲ್ಲಿ ಇಲ್ಲಿ ಪುರುಷರ ಡಬಲ್ಸ್ ಸೆಮಿಫೈನಲ್ ತಲುಪಿದರು. ಡಬಲ್ಸ್‌ನ ಮೊದಲ ಸುತ್ತುಗಳು ಹೆಚ್ಚಾಗಿ ನಡೆಯುವುದು ಈ ಹೊರಗಿನ ಕೋರ್ಟುಗಳಲ್ಲೇ, ನಮ್ಮ ಟಿವಿ ಪರದೆಗೆ ಅವು ಬರುವುದು ಅಪರೂಪ. ಬೋಪಣ್ಣನ ಆಟವನ್ನು ನಿಜಕ್ಕೂ ನೋಡಬೇಕೆಂದಿದ್ದ ಲಂಡನ್ ಕನ್ನಡಿಗನಿಗೆ ಸರಿಯಾದ ಟಿಕೆಟ್ ಗ್ರೌಂಡ್ ಪಾಸೇ ಆಗಿತ್ತು. ಬುತ್ತಿಯನ್ನೂ ಮನೆಯಿಂದಲೇ ತರಬಹುದು, ಗೇಟಿನಲ್ಲಿ ಕಿತ್ತುಕೊಳ್ಳುವುದಿಲ್ಲ. ಚಿಕ್ಕ ಸಂಗತಿಯೇ, ಆದರೆ ಪ್ರೇಕ್ಷಕನ ಜೇಬಿನ ಬಗ್ಗೆ ಸಂಘಟಕರ ಧೋರಣೆ ಏನೆಂಬುದು ಅದರಲ್ಲಿ ಗೊತ್ತಾಗುತ್ತದೆ.

ಕ್ಯೂವಿನ ಮೇಲಿರುವ ಗಟ್ಟಿ ಆಕ್ಷೇಪಣೆ ಬೇರೆ. ಹಣದ ಬದಲು ಸಮಯ ಕೇಳುವುದು ಸಮಾನತೆ ಹೇಗಾಗುತ್ತದೆ? ಪಾಳಿಯಲ್ಲಿ ದುಡಿಯುವ ನರ್ಸು, ಚಿಕ್ಕ ಮಕ್ಕಳ ತಾಯಿ, ಮಂಡಿನೋವಿನ ಹಿರಿಯರು ರಾತ್ರಿಯೆಲ್ಲ ಹುಲ್ಲಿನ ಮೇಲೆ ಮಲಗಲಾರರು. ರಜೆಯಲ್ಲಿರುವ ಕಾಲೇಜು ಹುಡುಗನಿಗೆ ಅದು ಸಲೀಸು. ಈ ಮಾತು ನಿಜ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಕ್ಯೂ ಒಂಟಿಯಾಗಿ ನಿಂತಿಲ್ಲ. 1924ರಿಂದ ನಡೆದುಬಂದಿರುವ ಲಾಟರಿ ಪದ್ಧತಿ ಅದರ ಪಕ್ಕದಲ್ಲಿದೆ: ತಿಂಗಳುಗಳ ಮೊದಲೇ ಅರ್ಜಿ ಹಾಕಿದವರಲ್ಲಿ ಕೆಲವರಿಗೆ ಟಿಕೆಟ್ ಬರುತ್ತದೆ, ಅದನ್ನು ಮತ್ತೊಬ್ಬರಿಗೆ ಮಾರುವಂತಿಲ್ಲ. ರಾತ್ರಿ ನಿಲ್ಲಲಾಗದವರಿಗೆ ಆ ದಾರಿ. ಆದರೆ ಯಾವ ದಿನ, ಯಾವ ಕೋರ್ಟ್ ಎಂದು ಆರಿಸಿಕೊಳ್ಳುವ ಅವಕಾಶ ಲಾಟರಿಯಲ್ಲಿಲ್ಲ. ಟೆನಿಸ್ಸೇ ಪ್ರಾಣವಾದವನಿಗೂ ಸುಮ್ಮನೆ ಅರ್ಜಿ ಹಾಕಿದವನಿಗೂ ಅದರ ಕಣ್ಣಲ್ಲಿ ವ್ಯತ್ಯಾಸವಿಲ್ಲ. ಆ ವ್ಯತ್ಯಾಸವನ್ನು ಗುರುತಿಸುವುದು ಕ್ಯೂ. ಕೆಲಸ ಮುಗಿಸಿ ಸಂಜೆ 5ರ ಮೇಲೆ ಬಂದರೆ ಗ್ರೌಂಡ್ ಪಾಸಿನ ದರ ಇಳಿಯುತ್ತದೆ, ಲಂಡನ್ನಿನ ಜುಲೈನಲ್ಲಿ 9 ಗಂಟೆಯವರೆಗೂ ಬೆಳಕಿರುತ್ತದೆ. ಇನ್ನೊಂದು ಏರ್ಪಾಡನ್ನೂ ಇಲ್ಲಿ ಹೇಳಬೇಕು. ದೊಡ್ಡ ಕೋರ್ಟಿನಿಂದ ಬೇಗ ಹೊರಟವರು ಬಿಟ್ಟುಕೊಟ್ಟ ಟಿಕೆಟನ್ನು ಆವರಣದೊಳಗಿರುವ ಇತರರಿಗೆ ಅಲ್ಪ ಬೆಲೆಗೆ ಮರಳಿ ಮಾರುತ್ತಾರೆ, ಆ ಹಣ ದತ್ತಿಗೆ ಹೋಗುತ್ತದೆ. 1954ರಿಂದ ಇದು ನಡೆದುಕೊಂಡು ಬಂದಿದೆ. ಖಾಲಿ ಕುರ್ಚಿಗೆ ಆಸೆಪಟ್ಟ ಮನುಷ್ಯನನ್ನು ಕೂಡಿಸುವ ಇಷ್ಟು ಸರಳ ಉಪಾಯವನ್ನು ಉಳಿದ ಕ್ರೀಡಾಂಗಣಗಳು ಏಕೆ ಅನುಸರಿಸುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಬೆಲೆಯೇ ಪ್ರಾಮಾಣಿಕ ಅಳತೆ, ಹೆಚ್ಚು ಕೊಡಬಲ್ಲವನು ಕೊಟ್ಟು ನೋಡಲಿ ಎನ್ನುವವರು ನ್ಯೂಯಾರ್ಕಿನ ಯುಎಸ್ ಓಪನ್ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ ಟಿಕೆಟ್ ಮರುಮಾರಾಟಕ್ಕೆ ಅಧಿಕೃತ ವ್ಯವಸ್ಥೆಯೇ ಇದೆ, ಬೇಡಿಕೆ ಏರಿದಂತೆ ದರವೂ ಏರುತ್ತದೆ. ಅರ್ಹತಾ ಸುತ್ತಿನ ವಾರದಲ್ಲಿ ಜನರನ್ನು ಉಚಿತವಾಗಿ ಒಳಗೆ ಬಿಡುವುದು ಅದರ ದೊಡ್ಡ ಗುಣ. ಆದರೂ ಮುಖ್ಯ ಟೂರ್ನಿಯ ರಾತ್ರಿಗಳಲ್ಲಿ 23,000ಕ್ಕೂ ಮಿಕ್ಕಿ ಕುರ್ಚಿಗಳಿರುವ ಆರ್ಥರ್ ಆಶ್ ಅಂಗಳದ ಒಳ್ಳೆಯ ಜಾಗ ಹಣವಂತರದೇ. ಟೆನಿಸ್ಸಿನಲ್ಲಿ ಪ್ರೇಕ್ಷಕರ ಗುಣವೂ ಆಟದ ಭಾಗ: ರ‍್ಯಾಲಿ ನಡೆಯುವಾಗಿನ ಮೌನ, ಬ್ರೇಕ್ ಪಾಯಿಂಟಿನ ಬಿಗುವು, ಅಪರಿಚಿತ ಆಟಗಾರನ ಒಳ್ಳೆಯ ಹೊಡೆತಕ್ಕೆ ತಟ್ಟನೆ ಬೀಳುವ ಚಪ್ಪಾಳೆ. ಇದನ್ನು ಕೊಡಬಲ್ಲವರು ಆಟ ಬಲ್ಲವರು, ಅವರನ್ನು ಬೆಲೆಪಟ್ಟಿ ಹೆಕ್ಕಿ ತೆಗೆಯಲಾರದು.

ಹಾಗೆಂದು ವಿಂಬಲ್ಡನ್ನಿಗೆ ಹಣದ ನಂಟಿಲ್ಲ ಎಂದೇನಲ್ಲ. ಐದು ವರ್ಷ ಸೆಂಟರ್ ಕೋರ್ಟಿನಲ್ಲಿ ದಿನವೂ ಕೂರುವ ಹಕ್ಕು ಕೊಡುವ ಡಿಬೆಂಚರುಗಳು 2,520 ಇವೆ; 2026ರಿಂದ 2030ರ ಅವಧಿಗೆ ಒಂದೊಂದರ ಬೆಲೆ 1,16,000 ಪೌಂಡ್. ಇಲ್ಲಿ ಕಾನೂನುಬದ್ಧವಾಗಿ ಎಷ್ಟು ಬೆಲೆಗಾದರೂ ಮರುಮಾರಬಹುದಾದ ಟಿಕೆಟುಗಳು ಡಿಬೆಂಚರಿನವು ಮಾತ್ರ. 1920ರಲ್ಲಿ ಈಗಿನ ಜಾಗ ಕೊಳ್ಳಲು ಇಂಥ ಹಣವೇ ನೆರವಾಯಿತು, 2009ರ ಸೆಂಟರ್ ಕೋರ್ಟ್ ಚಾವಣಿಗೂ ಅದೇ ದಾರಿಯಾಯಿತು ಎಂಬ ಸಮರ್ಥನೆಯನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಅನುಪಾತ. 14,979 ಕುರ್ಚಿಗಳ ಅಂಗಳದಲ್ಲಿ ಡಿಬೆಂಚರಿಗೆ 2,520, ಕ್ಯೂವಿಗೆ 500. ಅಂದರೆ ನೂರರಲ್ಲಿ ಮೂರೋ ನಾಲ್ಕೋ. ಕೊನೆಯ ನಾಲ್ಕು ದಿನ ಅದೂ ಇಲ್ಲ; ರಾತ್ರಿಯೆಲ್ಲ ಕಾಯಬಲ್ಲ ಅಭಿಮಾನಿಗೆ ಸೆಮಿಫೈನಲ್, ಫೈನಲ್ ದಿನ ಆವರಣದೊಳಗಿನ ಗುಡ್ಡದ ಮೇಲೆ ಕೂತು ನೋಡುವ ದೊಡ್ಡ ಪರದೆಯೇ ದಿಕ್ಕು.

ಕ್ಯೂವಿನ ಜನ ಫೈನಲ್ಲಿಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಇದೆ. 2001ರಲ್ಲಿ ಮಳೆಯಿಂದಾಗಿ ಪುರುಷರ ಫೈನಲ್ ಸೋಮವಾರಕ್ಕೆ ಹೋಯಿತು. ಸುಮಾರು 10,000 ಟಿಕೆಟುಗಳನ್ನು ಸಾಲಿನಲ್ಲಿ ನಿಂತವರಿಗೆ ಮಾರಿದರು. ವೈಲ್ಡ್ ಕಾರ್ಡಿನ ಮೇಲೆ ಬಂದಿದ್ದ ಗೊರಾನ್ ಇವಾನಿಸೆವಿಚ್ ಐದನೇ ಸೆಟ್ಟಿನಲ್ಲಿ 9-7ರಿಂದ ಪ್ಯಾಟ್ ರಾಫ್ಟರ್ ವಿರುದ್ಧ ಗೆದ್ದರು. ಕ್ರೊಯೇಷ್ಯಾ, ಆಸ್ಟ್ರೇಲಿಯಗಳ ಬಾವುಟ ಹಿಡಿದವರು ತುಂಬಿದ್ದ ಆ ಅಂಗಳದ ಗದ್ದಲವನ್ನು ಟೆನಿಸ್ ಬಲ್ಲವರು ಇಂದಿಗೂ ನೆನೆಯುತ್ತಾರೆ. ಅದರಿಂದ ವಿಂಬಲ್ಡನ್ನಿನ ಘನತೆಗೆ ಕುಂದೇನೂ ಬರಲಿಲ್ಲ. ಈಗ ಪಕ್ಕದ ಗಾಲ್ಫ್ ಮೈದಾನದಲ್ಲಿ 38 ಹೊಸ ಹುಲ್ಲಿನ ಕೋರ್ಟುಗಳನ್ನೂ 8,000 ಕುರ್ಚಿಗಳ ಇನ್ನೊಂದು ಅಂಗಳವನ್ನೂ ಕಟ್ಟುವ ಯೋಜನೆ ಕ್ಲಬ್ಬಿನ ಮುಂದಿದೆ. 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಯೋಜನಾ ಅನುಮತಿ ಸಿಕ್ಕಿತು, ಹಸಿರು ಜಾಗ ಹೋಗುತ್ತದೆಂದು ಸ್ಥಳೀಯರು ವಿರೋಧಿಸುತ್ತಿದ್ದಾರೆ. ಆ ನೆರೆಹೊರೆಯವರ ಅಳಲಿಗೆ ಕ್ಲಬ್ ಬೇರೆಯಾಗಿಯೇ ಉತ್ತರ ಕೊಡಬೇಕು. ಅಭಿಮಾನಿಗಳಿಗೆ ಕೊಡಬೇಕಾದ ಉತ್ತರ ಇನ್ನೂ ಸರಳ: ಹೊಸ ಅಂಗಳದಲ್ಲಿ ದಿನಕ್ಕೆ ಕನಿಷ್ಠ 2,000 ಕುರ್ಚಿಗಳನ್ನು ಕ್ಯೂವಿಗೆಂದು ಈಗಲೇ ಬರೆದಿಡಲಿ, ಸೆಂಟರ್ ಕೋರ್ಟಿನ 500 ಟಿಕೆಟುಗಳನ್ನು ಫೈನಲ್ ದಿನಕ್ಕೂ ವಿಸ್ತರಿಸಲಿ.